ರಜೆಯಂತೆ ರಜೆ!

ಮೇಡಂಗಳಿಗೆ ಬೇಸಿಗೆಯಲ್ಲಿ ಆರಾಮ ಅಂದವರು ಯಾರೋ! ದಾವಣಗೆರೆಯ ಈ ಬಿಸಿಲಲ್ಲಿ ನಮಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ತರಬೇತಿ ನಡೆಯುತ್ತಿದೆ. ಸೆಮಿಕೋಲನ್ (;) ಇಲ್ಲದೆ ಮಾತು ಮುಗಿಸದ ಸಿ ಪ್ಲಸ್ ಪ್ಲಸ್ ಭಾಷೆಯನ್ನು ಇಷ್ಟು ವರ್ಷ ಪಾಠ ಮಾಡಿದ ಕೈ, ಸಾಲಿನ ಕೊನೆಗೆ ತಾನಾಗಿಯೇ ಅದನ್ನು ಒತ್ತುತ್ತದೆ. ಪೈಥಾನ್ ಅದನ್ನು ಸಹಿಸಿಕೊಳ್ಳುತ್ತದೆ. ಸಾಲಿನ ಮುಂದೆ ಒಂದು ಸ್ಪೇಸ್ ಹೆಚ್ಚುಕಮ್ಮಿಯಾದರೆ ಮಾತ್ರ ಸಿಟ್ಟು!

ಇವತ್ತು 0.1ಕ್ಕೆ 0.2 ಕೂಡಿಸಿದೆವು. ಬಂದ ಉತ್ತರ 0.30000000000000004. ಎಲ್ಲರಿಗೂ ನಗುವೋ ನಗು. ಒಂದನ್ನು ಮೂರರಿಂದ ಭಾಗಿಸಿದರೆ 0.333 ಅಂತ ಮುಗಿಯುವುದೇ ಇಲ್ಲ ಅಲ್ವಾ? ಕಂಪ್ಯೂಟರಿಗೆ 0.1 ಕೂಡ ಹಾಗೇ. ಬರೀ ಸೊನ್ನೆ, ಒಂದರಲ್ಲಿ ಬರೆಯಲು ಹೋದರೆ ಅದು ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಪಿಯುಸಿ ಮಕ್ಕಳಿಗೆ ಮೊದಲ ದಿನವೇ ಇದನ್ನು ತೋರಿಸಬೇಕು ಅನ್ನಿಸಿತು. ಯಂತ್ರ ಹೇಳಿದ್ದೆಲ್ಲ ಸರಿ ಅಂತ ನಂಬುವ ವಯಸ್ಸು ಅವರದು. (ನಮ್ಮದೇನು ಕಮ್ಮಿ, ಬಿಡಿ.)

ಮನೆಗೆ ಬಂದರೆ ಕರೆಂಟ್ ಇಲ್ಲ. ಮಹಡಿ ಮೇಲೆ ಅತ್ತೆಯ ಸಂಡಿಗೆ. "ಮೋಡ ಆಗೈತಿ, ಎಲ್ಲಾ ಒಳಗೆ ತಗೊಂಡ್ ಬಾರವ್ವ" ಅಂದರು. ಫೋನ್ ನೋಡಿದರೆ ಮಳೆ ಇಲ್ಲ ಅಂತ ತೋರಿಸುತ್ತಿತ್ತು. ನಾನು ಅತ್ತೆ ಮಾತೇ ಕೇಳಿದೆ. ಹನಿ ಶುರುವಾಗಿದೆ. ನಾಳೆಯ ಅಸೈನ್‌ಮೆಂಟ್ ಬಾಕಿ ಇದೆ, ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇಲ್ಲ.