ಗುಡ್ಡ ಕರಗಲಿಲ್ಲ

29 ಜುಲೈ 2025, ಮಂಗಳವಾರ
ಸಂಡೂರು

ಇವತ್ತು ಎಂಟನೇ ಕ್ಲಾಸಿಗೆ ಕರ್ತರಿ, ಕರ್ಮಣಿ ಪ್ರಯೋಗದ ಪಾಠ. ಪುಸ್ತಕ ಮುಚ್ಚಿಸಿ, "ನಮ್ಮೂರ ಗುಡ್ಡದ ಬಗ್ಗೆ ನಾಲ್ಕು ಸಾಲು ಪದ್ಯ ಬರೀರಿ" ಅಂದೆ.

ಹಾಳೆಗಳು ಬಂದವು. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಮಾತು. ಗುಡ್ಡ ಕರಗಿತು, ಹಳ್ಳ ಕೆಂಪಾಯಿತು, ಗಾಳಿ ಕೆಟ್ಟಿತು. ಓದ್ತಾ ಓದ್ತಾ ಹೊಟ್ಟೆ ಚುರ್ ಅಂತು. ದೊಡ್ಡವರು ನಾವೂ ಹೀಗೇ ಮಾತಾಡ್ತೀವಲ್ವಾ? ಕರಗೋದು ಬೆಲ್ಲ. ಕಬ್ಬಿಣದ ಅದಿರಿಗಾಗಿ ಗುಡ್ಡವನ್ನು ಅಗೆದರು, ಲಾರಿಗೆ ತುಂಬಿದರು, ಬಂದರಿಗೆ ಸಾಗಿಸಿದರು.

ಬೋರ್ಡಿನ ಮೇಲೆ "ಗುಡ್ಡ ಕರಗಿತು" ಅಂತ ಬರೆದು ಕೇಳಿದೆ: "ಅಗೆದವರು ಎಲ್ಲಿ ಹೋದರು?"

ಕ್ಲಾಸು ಸುಮ್ಮನಾಯಿತು.

ಇವತ್ತಿಗೆ ಸರಿಯಾಗಿ 14 ವರ್ಷದ ಹಿಂದೆ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತ್ತು. ಈ ಮಕ್ಕಳಲ್ಲಿ ಎಷ್ಟೋ ಜನ ಆಗ ಹುಟ್ಟೇ ಇರಲಿಲ್ಲ. ಅದಕ್ಕೆ ಎರಡು ದಿನ ಮೊದಲು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ಟಿದ್ದರು. ಅದರಲ್ಲಿ ಹೆಸರುಗಳಿದ್ದವು. ಆಮೇಲೆ ಗಡಿ ಮೀರಿ ತೀರಾ ಜಾಸ್ತಿ ಅಗೆದವರ ಗುತ್ತಿಗೆ ರದ್ದಾಯಿತು. ಗುಡ್ಡ ರಿಪೇರಿಯ ಖರ್ಚು ಕಂಪನಿಗಳೇ ಕೊಡಬೇಕು ಅಂತಾಯಿತು. ಕರ್ತೃಪದ, ಅಂದರೆ ಮಾಡಿದವರ ಹೆಸರು, ಸಿಕ್ಕಿದ್ದರಿಂದ ತಾನೇ ಇಷ್ಟೆಲ್ಲ ಆಗಿದ್ದು? ಪದ್ಯಕ್ಕೂ ಆ ಕೆಲಸ ಮಾಡೋ ಶಕ್ತಿ ಇದೆ ಅಂತ ನಾನು ನಂಬಿದ್ದೇನೆ. ವರದಿ ಓದದವರೂ ಪದ್ಯ ಬಾಯಿಪಾಠ ಮಾಡ್ತಾರೆ.

ಬೆಲ್ ಆದ ಮೇಲೆ ಒಬ್ಬ ಹುಡುಗ ಉಳಿದುಕೊಂಡ. ಅವನ ಬಿಳಿ ಕಾಲುಚೀಲ ಮೊಣಕಾಲಿನವರೆಗೂ ಕೆಂಪು. ಬೆಳಗ್ಗೆ ಲಾರಿಯೊಂದು ರಸ್ತೆಯ ಕೆಸರು ಹಾರಿಸಿಕೊಂಡು ಹೋಗಿತ್ತು. ಮೆಲ್ಲಗೆ ಕೇಳಿದ:

"ಮೇಷ್ಟ್ರೇ, ನಮ್ಮಪ್ಪ ಅದಿರು ಲಾರಿ ಓಡಿಸ್ತಾನೆ. ಕರ್ತೃ ಅಂದ್ರೆ ನಮ್ಮಪ್ಪನಾ?"

ಎದೆ ಧಸಕ್ಕೆಂದಿತು. ಪಕ್ಕ ಕೂರಿಸಿಕೊಂಡೆ. "ಅಪ್ಪ ಸಂಬಳಕ್ಕೆ ದುಡೀತಾನೆ. ಅದಿರು ಯಾರದು? ಮಾರಿದ ದುಡ್ಡು ಯಾರಿಗೆ ಹೋಗುತ್ತೆ? ಅದನ್ನ ಹುಡುಕು" ಅಂದೆ. ಬಹಳ ಹೊತ್ತು ಪೆನ್ಸಿಲ್ ಕಚ್ಚಿದ. ಆಮೇಲೆ ಬರೆದುಕೊಟ್ಟ:

"ಗುಡ್ಡ ಕರಗಲಿಲ್ಲ, ಅಗೆದರು.
ಅಪ್ಪ ಹೊತ್ತ, ಅವರು ಮಾರಿದರು.
ಧೂಳು ಮಾತ್ರ ಮಾರಲಿಲ್ಲ,
ನಮ್ಮನೆಗೇ ಬಿಟ್ಟರು."

ನಾಳೆ ಪ್ರಾರ್ಥನೆ ಹೊತ್ತಿಗೆ ಓದ್ತೀಯಾ ಅಂತ ಕೇಳಿದೆ. ಅಪ್ಪನ್ನ ಕೇಳ್ಕೊಂಡು ಬರ್ತೀನಿ ಅಂದ.