ಅಷ್ಟು ಒಳ್ಳೆ ನಟಿ ಆಗಿದ್ರೆ ಹೀರೋಯಿನ್ ಯಾಕಾಗ್ಲಿಲ್ಲ?

ನಾನು ಮಡಿಕೇರಿಯವಳು ಅಂದ ತಕ್ಷಣ ಹೊರಗಿನವರು ಕೇಳೋದು ಎರಡೇ, ಒಂದು ಮಳೆ ಹೇಗಿದೆ, ಇನ್ನೊಂದು ರಶ್ಮಿಕಾ ಗೊತ್ತಾ. ಸ್ವಲ್ಪ ವಯಸ್ಸಾದವರಾದ್ರೆ ಪ್ರೇಮಾ ಹೆಸರು ತೆಗೀತಾರೆ. ಇಬ್ಬರ ಬಗ್ಗೆನೂ ನನಗೆ ಹೆಮ್ಮೆ ಇದೆ. ಆದ್ರೆ ನಿನ್ನ ಇಷ್ಟದ ನಟಿ ಯಾರು ಅಂದ್ರೆ ನಾನು ಹೇಳೋದು ಬಿ. ಜಯಶ್ರೀ ಹೆಸರು. ಆಮೇಲೆ ಬರೋ ಪ್ರಶ್ನೆ, ಸ್ಟಾಫ್ ರೂಮಲ್ಲಾಗ್ಲಿ ಮದುವೆ ಮನೆ ಊಟದ ಸಾಲಲ್ಲಾಗ್ಲಿ, ಯಾವಾಗ್ಲೂ ಒಂದೇ. "ಅವ್ರು ನಾಟಕದವರಲ್ವಾ? ಅಷ್ಟು ಒಳ್ಳೆ ನಟಿ ಆಗಿದ್ರೆ ಸಿನಿಮಾದಲ್ಲಿ ಹೀರೋಯಿನ್ ಯಾಕಾಗ್ಲಿಲ್ಲ?" ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಸುಮ್ಮನಾಗ್ತಿದ್ದೆ, ಈ ಸಲ ಪೂರ್ತಿ ಹೇಳ್ಬಿಡ್ತೀನಿ.

ಮೊದಲು ನಮ್ಮ ದಸರಾದಿಂದ ಶುರು ಮಾಡ್ಬೇಕು. ಮಡಿಕೇರಿ ದಸರಾ ನೋಡಿದವರಿಗೆ ಗೊತ್ತು, ವಿಜಯದಶಮಿ ರಾತ್ರಿ ಹತ್ತು ಮಂಟಪ ಹೊರಡ್ತವೆ, ಒಂದೊಂದು ಮಂಟಪದ ಮೇಲೂ ಒಂದೊಂದು ಪುರಾಣದ ಕಥೆ, ದೊಡ್ಡ ದೊಡ್ಡ ಮೂರ್ತಿಗಳು ಕೈ ಎತ್ತುತ್ತವೆ, ತಲೆ ತಿರುಗಿಸ್ತವೆ, ಹೊಗೆ, ಲೈಟು, ಬೆಳಗಿನ ಜಾವದ ತನಕ ಚಳೀಲಿ ಜನ ನಿಂತ್ಕೊಂಡೇ ನೋಡ್ತಾರೆ. ಮೂರ್ತಿಗಳ ಮಾತೆಲ್ಲ ಮೊದಲೇ ರೆಕಾರ್ಡ್ ಮಾಡಿದ್ದು. ಕಾಲೇಜಲ್ಲಿದ್ದಾಗ ಒಂದು ವರ್ಷ ಒಂದು ಮಂಟಪದ ದೇವಿಗೆ ನಾನು ಧ್ವನಿ ಕೊಟ್ಟಿದ್ದೆ. ಚಿಕ್ಕ ರೂಮು, ಗೋಡೆಗೆ ಹಳೇ ಕಂಬಳಿ ಹೊಡೆದಿದ್ರು, ಹೊರಗೆ ಮಳೆ ಜೋರಾದಾಗೆಲ್ಲ ರೆಕಾರ್ಡಿಂಗ್ ನಿಲ್ಸಿ ಕಾಯೋದು. "ಎಲವೋ ಮಹಿಷಾ" ಅನ್ನೋ ಎರಡೇ ಪದಾನ ಹದಿನೈದು ಸಲ ಹೇಳಿಸಿದ್ರು. ದಸರಾ ರಾತ್ರಿ ಜನರ ಮಧ್ಯೆ ನಿಂತು ಅದನ್ನ ಕೇಳಿದೆ, ಎದೆ ಡವಡವ ಅಂತಿತ್ತು. ಪಕ್ಕದಲ್ಲಿದ್ದ ಅಜ್ಜಿ ಕೈ ಮುಗಿದ್ರು, ದೇವಿ ಮೂರ್ತಿಗೆ. ಧ್ವನಿ ಪಕ್ಕದಲ್ಲೇ ನಿಂತಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು.

ಜಯಶ್ರೀ ಅವರು ಕನ್ನಡ ಸಿನಿಮಾದಲ್ಲಿ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಮಾಧವಿ, ಗಾಯತ್ರಿ, ಜಯಪ್ರದಾ, ಇವರಿಗೆಲ್ಲ ಕನ್ನಡದ ಮಾತು ಕೊಟ್ಟೋರು ಅವರು. ಭಾಷೆ ಬರದ ನಟಿ ತುಟಿ ಆಡಿಸಿರ್ತಾರೆ, ಆ ತುಟಿಗೆ ಸರಿಯಾಗಿ ಉಸಿರು, ಅಳು, ಸಿಟ್ಟು ಎಲ್ಲ ಕತ್ತಲೆ ಸ್ಟುಡಿಯೋದಲ್ಲಿ ಮೈಕ್ ಮುಂದೆ ನಿಂತು ತುಂಬ್ಬೇಕು. ಅದು ನಟನೆ ಅಲ್ಲದೆ ಇನ್ನೇನು? ನಮ್ಮಮ್ಮ ಟಿವೀಲಿ ಮಾಧವಿ ಮಾತಾಡಿದಾಗ ಹಲಸಿನ ಬೀಜ ಸುಲಿಯೋ ಕೈ ನಿಲ್ಸಿ ಕಣ್ಣು ಒರೆಸ್ಕೊಳ್ತಿದ್ರು, ಅಮ್ಮನ್ನ ಅಳಿಸಿದ್ರಲ್ಲಿ ಅರ್ಧ ಪಾಲು ಈ ಕಾಣದ ಹೆಂಗಸಿಂದು.

ಇನ್ನೊಂದು ವಿಷಯ ನೆನೆಸ್ಕೊಂಡ್ರೆ ನನಗೆ ಈಗ್ಲೂ ಮೈ ಜುಮ್ ಅನ್ನುತ್ತೆ. ರಾಜ್‌ಕುಮಾರ್ ಬೆಳೆದಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು, ಅವರ ಮಗಳು ಜಿ.ವಿ. ಮಾಲತಮ್ಮನ ಮಗಳು. ಹಾಗಾದ್ರೆ ಪರದೆ ಮೇಲೆ ರಾಜ್ ಮತ್ತು ಮಾಧವಿ ಎದುರುಬದುರು ನಿಂತಾಗ ನಮಗೆ ಕೇಳಿಸ್ತಿದ್ದಿದ್ದು ಒಂದೇ ಕಂಪನಿಯ ಎರಡು ಗಂಟಲು. ಆ ಕಂಪನಿ ಅಂದ್ರೆ ಏನು ಸಾಮಾನ್ಯನಾ, 1884ರಲ್ಲಿ ಶುರುವಾಗಿದ್ದು, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ಸ್ಟೇಜಿಗೆ ತಂದಿದ್ದವರು. ಅಷ್ಟು ದೊಡ್ಡ ಟೆಂಟಲ್ಲಿ ಕೊನೇ ಸಾಲಿಗೆ ಕೇಳೋ ಹಾಗೆ ಮಾತಾಡೋದನ್ನ ಈಯಮ್ಮ ಮಗುವಾಗಿದ್ದಾಗ್ಲೇ ಕಲ್ತಿದ್ದು.

ಅಲ್ಲಿಗೇ ನಿಂತಿದ್ರೆ ತಾತನ ಹೆಸರಲ್ಲಿ ಬದುಕಬಹುದಿತ್ತು. ಆದ್ರೆ ಅವರು ದಿಲ್ಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಆಗಿನ ನಿರ್ದೇಶಕ ಇಬ್ರಾಹಿಂ ಅಲ್ಕಾಜಿ ಕೈ ಕೆಳಗೆ ಕಲ್ತು 1973ರಲ್ಲಿ ಪಾಸಾಗಿ ಬಂದ್ರು, 1976ರಲ್ಲಿ ಸ್ಪಂದನ ತಂಡ ಕಟ್ಟಿದ್ರು. ಒಂದು ಕಡೆ ಕಂಪನಿ ನಾಟಕದ ಹಾಡು, ಅಬ್ಬರ, ಇನ್ನೊಂದು ಕಡೆ ದಿಲ್ಲಿಯ ಶಿಸ್ತು, ಎರಡನ್ನೂ ಕಲಸಿ ಜನಪದದ ಧಾಟಿಗೆ ತಂದ್ರು. ಲಕ್ಷಾಪತಿ ರಾಜನ ಕಥೆ, ಕಂಬಾರರ ಕರಿಮಾಯಿ, ಇವುಗಳಲ್ಲಿ ಆಡಿದ್ದೂ ಅವರೇ ಆಡ್ಸಿದ್ದೂ ಅವರೇ. ನಿರ್ದೇಶಕಿ, ನಟಿ, ಹಾಡುಗಾರ್ತಿ, ತಂಡದ ಯಜಮಾನಿ, ಇಷ್ಟೆಲ್ಲ ಆಗಿರೋರಿಗೆ ಹೀರೋಯಿನ್ ಪಟ್ಟ ಯಾಕೆ ಸಿಗ್ಲಿಲ್ಲ ಅಂತ ಅಯ್ಯೋ ಪಾಪ ಅನ್ನೋದು ನನಗೆ ಅರ್ಥವೇ ಆಗಲ್ಲ. ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ, ಅವೆಲ್ಲ ಬಂದ್ವು, ಸಂತೋಷ.

ಅವರನ್ನ ತೆರೆ ಮೇಲೆ ನೋಡ್ಬೇಕಂದ್ರೆ 1997ರ ನಾಗಮಂಡಲ ನೋಡಿ, ಅದರಲ್ಲಿ ಕುರುಡವ್ವ ಅವರೇ. ನಟಿಯರು ಸಾಮಾನ್ಯವಾಗಿ ಕಣ್ಣಲ್ಲೇ ಅರ್ಧ ಕೆಲಸ ಮುಗಿಸ್ತಾರೆ, ಕಣ್ಣೇ ಕಾಣದ ಮುದುಕಿಗೆ ಆ ದಾರಿ ಇಲ್ಲ, ಧ್ವನಿಯಲ್ಲೇ ಎಲ್ಲ ಆಗ್ಬೇಕು. ಇನ್ನು 2001ರಲ್ಲಿ ನನ್ನ ಪ್ರೀತಿಯ ಹುಡುಗಿ ಬಂದಾಗ ಕಾರ್ ಕಾರ್ ಹಾಡು ಮಡಿಕೇರಿಯಿಂದ ಕುಶಾಲನಗರದ ತನಕ ಪ್ರತಿ ಬಸ್ಸಲ್ಲೂ ಕೇಳಿಸ್ತಿತ್ತು, ಎಲ್ಲರ ಬಾಯಲ್ಲೂ ಅದೇ. ಅದನ್ನ ಹಾಡಿದ್ದು ಐವತ್ತು ದಾಟಿದ ಒಬ್ಬ ನಾಟಕದ ಹೆಂಗಸು ಅಂತ ನಾನು ಹೇಳಿದ್ರೆ ಕ್ಲಾಸಲ್ಲಿ ಯಾರೂ ನಂಬಿರ್ಲಿಲ್ಲ.

ಈಗ ನಾನು ಸ್ಕೂಲಲ್ಲಿ ಮಕ್ಕಳಿಗೆ ನಾಟಕ ಮಾಡಿಸ್ತೀನಿ. ಏಳನೇ ಕ್ಲಾಸಲ್ಲಿ ಒಬ್ಳು ಹುಡುಗಿ, ತೋಟದ ಲೈನ್ ಮನೆಯಿಂದ ಬರೋಳು, ದಪ್ಪ ಧ್ವನಿ. ಗಂಡುಗಂಟಲು ಅಂತ ಬೇರೆ ಮಕ್ಕಳು ಆಡ್ಕೊಂಡು ಆಡ್ಕೊಂಡು ಪಾಠ ಓದು ಅಂದ್ರೂ ಪಿಸುಪಿಸು ಅನ್ನೋಳು. ಜುಲೈಯಲ್ಲಿ ಒಂದಿನ ಎಲ್ಲರನ್ನೂ ಕೂರಿಸಿ ಮೊಬೈಲಲ್ಲಿ ಜಯಶ್ರೀ ಹಾಡು ಹಾಕಿದೆ. ಅವಳು ತಲೆ ಎತ್ತಿ, "ಮಿಸ್, ಇದು ಹೆಂಗಸಾ?" ಅಂದ್ಳು. ಹೌದು ಅಂದೆ. ಇನ್ನೊಂದ್ಸಲ ಹಾಕಿ ಅಂದ್ಳು.

ಆ ವರ್ಷದ ನಾಟಕದಲ್ಲಿ ಅಜ್ಜಿ ಪಾತ್ರ ಅವಳಿಗೇ ಕೊಟ್ಟೆ. ರಿಹರ್ಸಲ್ ದಿನ ಶೀಟ್ ಮಾಡಿನ ಮೇಲೆ ಮಳೆ ಹೊಡೀತಿತ್ತು, ಪಕ್ಕದಲ್ಲಿದ್ದವರ ಮಾತೇ ಕೇಳಿಸ್ತಿರ್ಲಿಲ್ಲ, ಉಳಿದ ಮಕ್ಕಳೆಲ್ಲ ಬರೀ ಬಾಯಿ ಆಡಿಸ್ತಿದ್ರು. ಅವಳ ಸರದಿ ಬಂತು. ಅಂಗಳದಾಚೆ ಅಡುಗೆ ಮನೆಯಲ್ಲಿ ಬಿಸಿಯೂಟ ಮಾಡ್ತಿದ್ದ ಅಕ್ಕ ಸೌಟು ಹಿಡ್ಕೊಂಡೇ ಬಾಗಿಲಿಗೆ ಬಂದು ಕೂಗಿದ್ರು, ಯಾರದು ಮಾತಾಡ್ತಿರೋದು ಅಂತ.