ಕಿಲ್ಟ್ ತೊಟ್ಟ ಹುಡುಗರ ಕಡತಗಳು

ಈ ಮಳೆಗಾಲದಲ್ಲಿ ಶಿವಮೊಗ್ಗದ ಮನೆಯಲ್ಲಿ ಕೂತು ನಾನು ಜಾಸ್ತಿ ಓದಿದ್ದು ಮೊದಲ ಮಹಾಯುದ್ಧದ ಸೈನಿಕರ ಕಡತಗಳನ್ನು. ಟೊರಾಂಟೊದಲ್ಲಿ 1891ರಲ್ಲಿ ಶುರುವಾದ 48ನೇ ಹೈಲ್ಯಾಂಡರ್ಸ್ ಕೆನಡಾದ ಕಾಲಾಳು ಪಡೆ, ಆದರೆ ಕಿಲ್ಟ್ (ಗಂಡಸರು ತೊಡುವ ನೆರಿಗೆಯ ಲಂಗ), ಬ್ಯಾಗ್‌ಪೈಪ್ ವಾದ್ಯ ಎಲ್ಲಾ ಸ್ಕಾಟ್ಲೆಂಡಿನವು. ಯುದ್ಧಕ್ಕೆ ಇವರು 15ನೇ ಬೆಟಾಲಿಯನ್ ಆಗಿ ಹೋದರು. 1915ರ ಏಪ್ರಿಲ್ 24ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ನರು ಬಿಟ್ಟ ಕ್ಲೋರಿನ್ ವಿಷಗಾಳಿ ಇವರ ಕಂದಕಗಳ ಮೇಲೇ ಬಂತು. ಮಾಸ್ಕ್ ಇರಲಿಲ್ಲ.

ಕೆನಡಾದ ರಾಷ್ಟ್ರೀಯ ದಾಖಲೆ ಸಂಗ್ರಹ ಆ ಯುದ್ಧದ 6 ಲಕ್ಷಕ್ಕೂ ಹೆಚ್ಚು ಕಡತಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ಸೇರುವಾಗ ಬರೆಸಿದ ಹಾಳೆಯಲ್ಲಿ ಹುಟ್ಟಿದ ಊರು, ಕಸುಬು, ಎತ್ತರ, ಎದೆಯ ಸುತ್ತಳತೆ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಗುರುತು, ಹತ್ತಿರದ ಸಂಬಂಧಿ ಯಾರು, ಎಲ್ಲಾ ಇದೆ, ಕೆಳಗೆ ಅವನದೇ ಸಹಿ. ಸಂಬಳದಲ್ಲಿ ತಾಯಿಗೆ ತಿಂಗಳಿಗೆ ಎಷ್ಟು ಹೋಗುತ್ತಿತ್ತು ಅನ್ನೋದೂ ಸಿಗುತ್ತದೆ. ನನಗೆ ಕಣ್ಣು ತುಂಬಿ ಬರೋದು ಅಲ್ಲೇ.

ನಮ್ಮ ಶಿವಪ್ಪ ನಾಯಕನ ಅರಮನೆಯಲ್ಲಿ ವೀರಗಲ್ಲುಗಳಿವೆ, ನೋಡಿದ್ದೀರಲ್ವಾ? ಕೆಳಗೆ ಕಾಳಗ, ಮೇಲೆ ಸತ್ತವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು. ಈ ಕಡತಗಳಲ್ಲಿ ಸ್ವರ್ಗದ ಪಟ್ಟಿಕೆ ಇಲ್ಲ. 1919ರಿಂದ ಸತ್ತವರ ತಾಯಂದಿರಿಗೂ ವಿಧವೆಯರಿಗೂ ನೆನಪಿಗಾಗಿ ಕೊಟ್ಟ ಬೆಳ್ಳಿ ಶಿಲುಬೆಯ ಲೆಕ್ಕ ಇದೆ, ಅಷ್ಟೇ.

ಅದೇ ಈಪ್ರ್‌ನಲ್ಲಿ, ಆ ವಿಷಗಾಳಿ ಬಂದ ಎರಡೇ ದಿನ ಬಿಟ್ಟು, ಭಾರತದ ಸೇನಾ ವಿಭಾಗವಾದ ಲಾಹೋರ್ ಡಿವಿಷನ್ನೂ ದಾಳಿಗೆ ಇಳಿದಿತ್ತು. ಅಲ್ಲಿನ ಮೆನಿನ್ ಗೇಟ್ ಸ್ಮಾರಕದಲ್ಲಿ ಕೆನಡಾದವರ ಜೊತೆಗೆ ನಮ್ಮವರ ಹೆಸರುಗಳೂ ಇವೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಸೈನಿಕರ ಕಾಗದ, ಪದಕ ಏನಾದರೂ ಇದ್ದರೆ ಈಗಲೇ ಫೋಟೊ ತೆಗೆದಿಡಿ. ಮಲೆನಾಡಿನ ತೇವಕ್ಕೆ ಕಾಗದ ಜಾಸ್ತಿ ದಿನ ಉಳಿಯೋದಿಲ್ಲ.